ಪೂಲ್ ದೊಡ್ಡದಾದರೂ ಕನೆಕ್ಷನ್ ಸಿಗುತ್ತಿಲ್ಲ

ಪ್ರಶ್ನೆ: ಸುತ್ತಲಿನ ಹಾಲಿನ ಡೇರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇವೆ. ಆ್ಯಪ್ ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಆ್ಯಪ್ ಸರ್ವರ್ ಎರಡಿವೆ, ಡೇಟಾಬೇಸ್ ಸರ್ವರ್ 4 ಕೋರಿನದು. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ‘ಕನೆಕ್ಷನ್ ನಾಟ್ ಅವೈಲಬಲ್’ ಎರರ್. ಪೂಲನ್ನು (ಡೇಟಾಬೇಸ್‌ಗೆ ಮೊದಲೇ ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ಒಂದೊಂದು ಸರ್ವರ್‌ನಲ್ಲೂ 10ರಿಂದ 100ಕ್ಕೆ ಏರಿಸಿದೆವು, ಈಗ ‘ಟೂ ಮೆನಿ ಕ್ಲೈಂಟ್ಸ್’. ಎಂಟ್ರಿ ಸೇವ್ ಆಗುವಾಗಲೇ ರೈತರಿಗೆ ಎಸ್‌ಎಂಎಸ್ ಹೋಗುತ್ತದೆ. ಏನು ಮಾಡೋಣ?
– ಓದುಗರು, ಮದ್ದೂರು

ಉತ್ತರ: ರೋಗ ಇರುವುದು ಆ ಎಸ್‌ಎಂಎಸ್‌ನಲ್ಲೇ. ಲೆಕ್ಕ ಹಾಕಿ: ಎಂಟ್ರಿ ಬರೆಯಲು 20 ಮಿಲಿಸೆಕೆಂಡ್, ಎಸ್‌ಎಂಎಸ್ ಗೇಟ್‌ವೇ ಉತ್ತರಿಸಲು 2 ಸೆಕೆಂಡ್ ಎಂದುಕೊಳ್ಳೋಣ. ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಡೇಟಾಬೇಸ್ ಕೆಲಸಗಳ ಕಟ್ಟು) ಒಳಗೇ ಎಸ್‌ಎಂಎಸ್ ಕಳಿಸಿದರೆ ಅಷ್ಟು ಹೊತ್ತೂ ಕನೆಕ್ಷನ್ ಸುಮ್ಮನೆ ಕೈಯಲ್ಲಿರುತ್ತದೆ. 10 ಕನೆಕ್ಷನ್‌ನಲ್ಲಿ ಸೆಕೆಂಡಿಗೆ 5 ಎಂಟ್ರಿ ಆದರೆ ಹೆಚ್ಚು. ಎಸ್‌ಎಂಎಸ್ ಹೊರಗಿಟ್ಟರೆ ಅದೇ ಹತ್ತರಲ್ಲಿ 500ರವರೆಗೆ ಲೆಕ್ಕ ಬರುತ್ತದೆ.

ಯಾವ ಕನೆಕ್ಷನ್ ಏನು ಮಾಡುತ್ತಿದೆ ಎಂದು ತೋರಿಸುವ ಪೋಸ್ಟ್‌ಗ್ರೆಸ್‌ನ ಪಿಜಿ_ಸ್ಟ್ಯಾಟ್_ಆಕ್ಟಿವಿಟಿ ನೋಡಿ, ಸಾಲುಗಟ್ಟಲೆ ‘ಐಡಲ್ ಇನ್ ಟ್ರಾನ್ಸಾಕ್ಷನ್’ (ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ಮನಿರುವುದು) ಕಂಡರೆ ಅನುಮಾನವೇ ಬೇಡ. ಎಸ್‌ಎಂಎಸ್ಸನ್ನು ಅದೇ ಟ್ರಾನ್ಸಾಕ್ಷನ್‌ನಲ್ಲಿ ಒಂದು ಟೇಬಲ್‌ಗೆ ಬರೆದಿಡಿ, ಬೇರೆ ವರ್ಕರ್ ಎತ್ತಿಕೊಂಡು ಕಳಿಸಲಿ. ಎಂಟ್ರಿ ಖಾಯಂ ಆದ ಮೇಲೆ ಓಡುವ ‘ಆಫ್ಟರ್ ಕಮಿಟ್’ ಲಿಸನರ್‌ಗೆ ಹಾಕಿ ಗೆದ್ದೆವು ಅನ್ನುವವರಿದ್ದಾರೆ. ಅದು ಅದೇ ಥ್ರೆಡ್‌ನಲ್ಲಿ ಓಡಿದರೆ ಕನೆಕ್ಷನ್ ಆಗಲೂ ಪೂಲ್‌ಗೆ ಮರಳಿರುವುದಿಲ್ಲ. ಸ್ಪ್ರಿಂಗ್ ಬೂಟ್‌ನ ಓಪನ್-ಇನ್-ವ್ಯೂ (ರಿಕ್ವೆಸ್ಟ್ ಮುಗಿಯುವವರೆಗೂ ಡೇಟಾಬೇಸ್ ಸೆಷನ್ ತೆರೆದಿಡುವ ಸೆಟ್ಟಿಂಗ್) ತಾನಾಗಿಯೇ ಆನ್ ಇರುತ್ತದೆ, ಅದನ್ನೂ ಫಾಲ್ಸ್ ಮಾಡಿ.

ಇನ್ನು ಪೂಲ್. 2 ಸರ್ವರ್‌ಗೆ 100ರಂತೆ 200. ಪೋಸ್ಟ್‌ಗ್ರೆಸ್ ಡಿಫಾಲ್ಟ್ ಮಿತಿಯೇ 100. ಅದನ್ನು ಏರಿಸಿ ಪ್ರಯೋಜನವಿಲ್ಲ: ಒಂದೊಂದು ಕನೆಕ್ಷನ್ನೂ ಒಂದೊಂದು ಪ್ರೋಸೆಸ್, ಓಡಿಸಲು ಕೋರು ನಾಲ್ಕೇ. ಆಲೆಮನೆ ಮುಂದೆ ಇನ್ನೂರು ಗಾಡಿ ಕಬ್ಬು ನಿಂತರೆ ಗಾಣ ಬೇಗ ತಿರುಗೀತೆ? ಪೂಲ್ ಗಾತ್ರಕ್ಕೆ ಒಂದು ಅಂದಾಜು ಸೂತ್ರವಿದೆ: ಕೋರಿನ ಎರಡರಷ್ಟಕ್ಕೆ ಡಿಸ್ಕಿನದೊಂದು ಸೇರಿಸಿ, ಒಟ್ಟು 9 ಕನೆಕ್ಷನ್. ಸರ್ವರ್‌ಗೆ 5ರಂತೆ ಶುರುಮಾಡಿ, ಅಳೆದು ನೋಡಿ ಬದಲಿಸಿ. ಪೂಲ್‌ನಿಂದ ಕನೆಕ್ಷನ್ ಸಿಗಲು ಕಾಯುವ ಮಿತಿ, ಕನೆಕ್ಷನ್‌ಟೈಮ್‌ಔಟ್, 30 ಸೆಕೆಂಡಿನಿಂದ 5ಕ್ಕೆ ಇಳಿಸಿ. ಅರ್ಧ ನಿಮಿಷ ಕಾಯುವ ಕಾರ್ಯದರ್ಶಿ ಸೇವ್ ಬಟನ್ನನ್ನು ಇನ್ನೆರಡು ಸಲ ಒತ್ತದೇ ಇರುವುದಿಲ್ಲ. ಲೀಕ್‌ಡಿಟೆಕ್ಷನ್‌ಥ್ರೆಶೋಲ್ಡ್ 5000 ಮಿಲಿಸೆಕೆಂಡ್ ಇಟ್ಟರೆ ಕನೆಕ್ಷನ್ ಹಿಡಿದು ಕೂತ ಕೋಡಿನ ಜಾಗ ಲಾಗ್‌ನಲ್ಲಿ ಸಿಗುತ್ತದೆ.

ಪ್ರಶ್ನೆ: ಹೋಂಸ್ಟೇ ಬುಕಿಂಗ್ ಆ್ಯಪ್, ಮೈಎಸ್‌ಕ್ಯೂಎಲ್. ವೇಟ್_ಟೈಮ್‌ಔಟ್ 600 ಮಾಡಿದ ಮೇಲೆ ಲಾಗ್ ತುಂಬಾ ‘ಫೇಲ್ಡ್ ಟು ವ್ಯಾಲಿಡೇಟ್ ಕನೆಕ್ಷನ್’.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ಕನೆಕ್ಷನ್ ಪೂಲ್ ಲೈಬ್ರರಿ ಹಿಕಾರಿಯ ಮ್ಯಾಕ್ಸ್‌ಲೈಫ್‌ಟೈಮ್ (ಒಂದು ಕನೆಕ್ಷನ್ ಪೂಲ್‌ನಲ್ಲಿ ಇರಬಹುದಾದ ಗರಿಷ್ಠ ಅವಧಿ) ಡಿಫಾಲ್ಟ್ 30 ನಿಮಿಷ. ನಿಮ್ಮ ಸರ್ವರ್ 10 ನಿಮಿಷಕ್ಕೇ ಸುಮ್ಮನಿರುವ ಕನೆಕ್ಷನ್ ಕಡಿಯುತ್ತಿದೆ, ಪೂಲ್‌ಗೆ ಅದು ಗೊತ್ತಿಲ್ಲ. ಮ್ಯಾಕ್ಸ್‌ಲೈಫ್‌ಟೈಮನ್ನು 540000 ಮಾಡಿ, ಅಂದರೆ 9 ನಿಮಿಷ. 540 ಎಂದು ಬರೆದುಬಿಟ್ಟೀರಿ: ಮೈಎಸ್‌ಕ್ಯೂಎಲ್‌ನದು ಸೆಕೆಂಡ್, ಹಿಕಾರಿಯದು ಮಿಲಿಸೆಕೆಂಡ್.