ಓದುಗರ ಪ್ರಶ್ನೆ: ಡೈವ್ ವಾಚಿನೊಳಗೂ ಆವಿ ಕಟ್ಟುವುದೇಕೆ?

ಪ್ರಶ್ನೆ: ಟ್ಯೂಡರ್ ಬ್ಲ್ಯಾಕ್ ಬೇ ಫಿಫ್ಟಿ-ಏಟ್ ನೋಡಲು ತಾತನ ಕಾಲದ ವಾಚಿನಂತಿದೆ. ಲಕ್ಷಗಟ್ಟಲೆ ಸುರಿಯುವಂಥದ್ದು ಒಳಗೇನಿದೆ?
— ಸರಸ್ವತಿಪುರಂ, ಮೈಸೂರು

ಉತ್ತರ: ಸ್ವಿಸ್ ಕಂಪನಿ ಟ್ಯೂಡರ್ ತನ್ನದೇ 1958ರ 7924 ಮಾದರಿಯ ನೆನಪಿಗೆ 2018ರಲ್ಲಿ ತಂದ ಡೈವ್ ವಾಚಿದು, ಅಂದರೆ ಮುಳುಗುಗಾರರ ವಾಚು. 39 ಮಿ.ಮೀ. ಕೇಸು, ದಪ್ಪ ಕ್ರೌನು (ಕೀ ಕೊಡುವ ಗುಂಡಿ), 200 ಮೀಟರ್ ಆಳದ ಭರವಸೆ, ಇಷ್ಟೂ ಹಳೆಯ ಜಾಡಿನವೇ. ಗಾಜು ಮಾತ್ರ ಪ್ಲಾಸ್ಟಿಕ್ ಅಲ್ಲ, ಉಬ್ಬು ಸಫೈರ್. ದುಡ್ಡು ಹೋಗಿರುವುದು ಎಂಟಿ5402 ಯಂತ್ರಕ್ಕೆ. ಅದರ ಓಟದ ಲಯ ಹಿಡಿಯುವ ಹೇರ್‌ಸ್ಪ್ರಿಂಗ್ ಸಿಲಿಕಾನಿನದು, ಅಯಸ್ಕಾಂತಕ್ಕೆ ಜಗ್ಗುವುದಿಲ್ಲ. ಪೂರ್ತಿ ಕೀ ಕೊಟ್ಟರೆ ಸುಮಾರು 70 ಗಂಟೆ ಓಟ. ಶುಕ್ರವಾರ ರಾತ್ರಿ ಬಿಚ್ಚಿಟ್ಟರೂ ಸೋಮವಾರ ಬೆಳಿಗ್ಗೆ ನಡೆಯುತ್ತಿರುತ್ತದೆ. ಬೆಜೆಲಿನ (ನೀರಿಗಿಳಿದ ಹೊತ್ತು ಎಣಿಸಲು ಗಾಜಿನ ಸುತ್ತ ತಿರುಗಿಸುವ ಬಳೆ) ಪಟ್ಟಿ ಸೆರಾಮಿಕ್ ಅಲ್ಲ, ಅಲ್ಯೂಮಿನಿಯಂ ಎಂದು ಗೊಣಗುವವರಿದ್ದಾರೆ. ಅಲ್ಯೂಮಿನಿಯಂಗೆ ಗೀರು ಬೀಳುತ್ತದೆ ನಿಜ, ಆದರೆ ಕಲ್ಲಿಗೆ ತಾಗಿದರೆ ಸೆರಾಮಿಕ್ಕಿನ ಹಾಗೆ ಸೀಳುವುದಿಲ್ಲ. ನಮ್ಮ ಮತ ಅಲ್ಯೂಮಿನಿಯಂಗೇ. ಬೆಜೆಲ್ ಒಂದೇ ಕಡೆಗೆ ತಿರುಗುವುದಕ್ಕೂ ಕಾರಣವಿದೆ: ಅಪ್ಪಿತಪ್ಪಿ ಸರಿದರೂ ನೀರೊಳಗೆ ಕಳೆದ ಹೊತ್ತು ಹೆಚ್ಚೇ ಕಾಣುತ್ತದೆ, ಮುಳುಗುಗಾರ ಬೇಗ ಮೇಲೆ ಬರುತ್ತಾನೆ.

ಪ್ರಶ್ನೆ: ನನ್ನ ವಾಚಿನ ಮೇಲೆ 200 ಮೀಟರ್ ಎಂದಿದೆ. ಆದರೂ ಗಾಜಿನೊಳಗೆ ಆವಿ. ಕೆಆರ್‌ಎಸ್ಸೇ ಅಷ್ಟು ಆಳವಿಲ್ಲವಲ್ಲ!
— ಶ್ರೀರಂಗಪಟ್ಟಣ

ಉತ್ತರ: ಕನ್ನಂಬಾಡಿ ಕಟ್ಟೆ ತುಂಬಿದ ಮಟ್ಟ 124.80 ಅಡಿ, ಅಂದರೆ ಸುಮಾರು 38 ಮೀಟರ್. ಹಾಗಾಗಿ ಆಳದ ಮೇಲೆ ತಪ್ಪು ಹೊರಿಸುವಂತಿಲ್ಲ. ಮೊದಲು ಕ್ರೌನ್ ನೋಡಿ. ಅದನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿ, ಮರೆ (ತಿರುಪಿನ ಸುತ್ತುಗೆರೆ) ಕೂತ ಸಣ್ಣ 'ಟಕ್' ಸಿಕ್ಕ ಮೇಲೆ ಮೆಲ್ಲಗೆ ಒತ್ತಿ ಮುಂದಕ್ಕೆ ಬಿಗಿಯಬೇಕು. ಅವಸರಕ್ಕೆ ಓರೆಯಾಗಿ ತಿರುಗಿಸಿದರೆ ಮರೆ ಸವೆದು ಸಂದು ಉಳಿಯುತ್ತದೆ. ಎರಡನೆಯದು ಸಂದಿನಲ್ಲಿ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಗ್ಯಾಸ್ಕೆಟ್. ಬೆವರು, ಸೋಪು, ಬಿಸಿನೀರ ಸ್ನಾನ ಸೇರಿ ಅದನ್ನು ಒಣಗಿಸಿ ಗಟ್ಟಿ ಮಾಡುತ್ತವೆ. 200 ಮೀಟರ್ ಎಂಬ ಮಾತು ಹೊಸ ಗ್ಯಾಸ್ಕೆಟ್ಟಿನ ಮೇಲೆ ನಿಂತಿದೆ.

ಆವಿ ಕಂಡ ದಿನವೇ ರಿಪೇರಿಗೆ ಕೊಡಿ, ಉಪ್ಪುನೀರಾದರೆ ಆ ಗಂಟೆಯೇ. ಅಕ್ಕಿ ಡಬ್ಬದಲ್ಲಿ ಹೂತಿಡಬೇಡಿ; ಮುಚ್ಚಿದ ಕೇಸಿನ ತೇವವನ್ನು ಅಕ್ಕಿ ಎಳೆಯಲಾರದು, ತಡವಾದಷ್ಟೂ ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ಹಿಂಬದಿ ಮುಚ್ಚಳ ತೆಗೆದಾಗಲೆಲ್ಲ ಗ್ಯಾಸ್ಕೆಟ್ ಹೊಸದು ಹಾಕಿಸಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿಸಿ. ದೇವರಾಜ ಅರಸು ರಸ್ತೆಯ ಅಂಗಡಿಯಾಗಲಿ ಬೆಂಗಳೂರಾಗಲಿ, ಕೊಡುವ ಮುಂಚೆ ಒತ್ತಡ ಹಾಕಿ ಸೋರಿಕೆ ನೋಡುವ ಪ್ರೆಶರ್ ಟೆಸ್ಟ್ ಯಂತ್ರ ಇದೆಯೇ ಎಂದು ಕೇಳಿ. ಈಜುವವರಿಗೆ ವರ್ಷಕ್ಕೊಮ್ಮೆ ಆ ಪರೀಕ್ಷೆ ಬೇಕು.

ಪ್ರಶ್ನೆ: ಹಳೆಯ ಆಟೊಮ್ಯಾಟಿಕ್ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡುತ್ತಿದೆ.
— ಮದ್ದೂರು

ಉತ್ತರ: ಕಾಂತ ಹಿಡಿದಿರಬೇಕು. ಲೋಹದ ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದರೆ ಸ್ಪ್ರಿಂಗ್ ಗಿಡ್ಡವಾದಂತಾಗಿ ಓಟ ಹೆಚ್ಚುತ್ತದೆ. ಕಾಂತ ತೆಗೆಯುವ ಡಿಮ್ಯಾಗ್ನೆಟೈಸರ್ ಇರುವ ಅಂಗಡಿಯಲ್ಲಿ ಇದು ನಿಮಿಷದ ಕೆಲಸ. ಆಮೇಲೆ ಸ್ಪೀಕರು, ಅಯಸ್ಕಾಂತದ ಮೊಬೈಲ್ ಕವರು ಇವುಗಳ ಮೇಲೆ ವಾಚು ಇಡಬೇಡಿ.