ಪುಸ್ತಕದ ಅಂಚಿನಲ್ಲಿ ಎರಡು ಕೈಬರಹ

ಪ್ರಶ್ನೆ: ನಮಗೆ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಟ್ಟ ಮೇಷ್ಟ್ರು ತೀರಿಕೊಂಡು ಎರಡು ವರ್ಷ ಆಯಿತು. ಸೊರಬ, ಸಾಗರದ ಕಡೆಯ ಶಾಸನಗಳನ್ನು ಊರೂರು ತಿರುಗಿ ಓದಿದವರು. ಅವರ ಜೊತೆ ಕೆಲಸ ಮಾಡಿದವರ ನೆನಪುಗಳನ್ನು ರೆಕಾರ್ಡ್ ಮಾಡಬೇಕು ಅಂತ ನಾವು ನಾಲ್ಕೈದು ಹಳೇ ವಿದ್ಯಾರ್ಥಿಗಳು ಹೊರಟಿದ್ದೇವೆ. ಮೂವರನ್ನು ಮಾತಾಡಿಸಿದ್ದೂ ಆಯಿತು. ಎಲ್ಲರೂ 'ದೊಡ್ಡ ವಿದ್ವಾಂಸರು, ಸರಳ ಜೀವಿ' ಅಂತಾರೆ. ಹತ್ತು ನಿಮಿಷಕ್ಕೆ ಮಾತು ಮುಗಿಯುತ್ತದೆ. ಒಬ್ಬರು ಹೇಳಿದ ಇಸವಿ ಇನ್ನೊಬ್ಬರದಕ್ಕೆ ತಾಳೆಯಾಗುವುದಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಗುರುಗಳೂ ಶಾಸನದವರೇ. ನಾನೂ ನಿಮ್ಮ ಹಾಗೇ ಹೊರಟವನು, ನಿಮ್ಮ ಹಾಗೇ ಬರಿಗೈಲಿ ವಾಪಸ್ ಬಂದವನು.

ತಪ್ಪು ಇರುವುದು ಮೊದಲ ಪ್ರಶ್ನೆಯಲ್ಲಿ. 'ಅವರ ಬಗ್ಗೆ ಹೇಳಿ ಸಾರ್' ಅಂದರೆ ಎಂಥವರೂ ಶ್ರದ್ಧಾಂಜಲಿ ಸಭೆಯ ಭಾಷಣವನ್ನೇ ಶುರು ಮಾಡುತ್ತಾರೆ. ಪಾಪ, ಅವರಾದರೂ ಏನು ಮಾಡಬೇಕು? ನಲವತ್ತು ವರ್ಷದ ಒಡನಾಟ ಒಂದು ಪ್ರಶ್ನೆಗೆ ಎದ್ದು ಬರುತ್ತದಾ?

ಸಾಗರದ ಹತ್ತಿರ ಗುರುಗಳ ಸಹೋದ್ಯೋಗಿಯೊಬ್ಬರಿದ್ದರು. ಮೊದಲ ಸಲ ಹೋದಾಗ ಅವರೂ 'ಮಹಾನುಭಾವರು' ಅಂದು ಸುಮ್ಮನಾದರು. ಎರಡನೇ ಸಲ ಹೋಗುವಾಗ ಗುರುಗಳ ಮನೆಯಿಂದ ಒಂದು ಪುಸ್ತಕ ಕೇಳಿ ತಗೊಂಡು ಹೋದೆ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಎಂಟನೇ ಸಂಪುಟ. ಶಿವಮೊಗ್ಗ ಜಿಲ್ಲೆಯ ಶಾಸನಗಳು ಅದರ ಏಳು ಮತ್ತು ಎಂಟನೇ ಸಂಪುಟಗಳಲ್ಲಿವೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳು ಬರುವುದು 1904ರ ಈ ಎಂಟನೆಯದರಲ್ಲಿ. ಗುರುಗಳ ಪ್ರತಿಯ ಬೆನ್ನು ಕಿತ್ತುಹೋಗಿತ್ತು. ಯಾರೋ ಹಳೇ ಪಂಚೆ ತುಂಡು ಅಂಟಿಸಿದ್ದರು. ಅಂಚಿನ ತುಂಬಾ ಪೆನ್ಸಿಲ್ ಬರಹ.

ಆ ಹಿರಿಯರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಸೊರಬದ ಪುಟಗಳನ್ನು ತಿರುವಿದರು. ಕನ್ನಡಕ ಹಣೆಗೆ ಏರಿಸಿ, ಒಂದು ಕಡೆ ಬೆರಳಿಟ್ಟರು. "ಇದು ಅವರ ಅಕ್ಷರ ಅಲ್ಲ ಮಾರಾಯ. ನಂದು."

ಅಲ್ಲಿಂದ ಒಂದೂವರೆ ಗಂಟೆ ಮಾತು. ಒಂದು ವೀರಗಲ್ಲಿನ ಮೇಲೆ ಪ ಇದೆಯೋ ಷ ಇದೆಯೋ ಅಂತ ಇಬ್ಬರಿಗೂ ಜಗಳ ಬಿದ್ದಿತ್ತಂತೆ. ನಡುವಿನ ಆ ಒಂದು ಗೀರು ಉಳಿಯ ಏಟೋ, ಕಲ್ಲಿನ ಬಿರುಕೋ? ಪಾಚಿ ಬೇರೆ ಕಟ್ಟಿತ್ತು. ಅಚ್ಚು ತೆಗೆಯಬೇಕೆಂದರೆ ಪಾಚಿ ಉಜ್ಜಿ, ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಂಡಿಯೊಳಗೆ ಕೂರಿಸಿ, ಮೇಲೆ ಮಸಿ ಹಚ್ಚಬೇಕು. ಆಗ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಗುರುಗಳು ಬಡಿಯುವವರು, ಇವರು ಕಾಗದ ಹಿಡಿಯುವವರು. ಅದನ್ನು ಹೇಳುವಾಗ ಅವರ ಎರಡೂ ಕೈ ಗಾಳಿಯಲ್ಲಿ ಕಾಗದದ ತುದಿ ಹಿಡಿದಿದ್ದವು. ಕೊನೆಗೆ ಇವರ ಓದೇ ಸರಿ ಅಂತ ಗುರುಗಳು ಒಪ್ಪಿದರು. ಒಪ್ಪಿ, "ನೀವೇ ಬರೆಯಿರಿ" ಅಂತ ಪೆನ್ಸಿಲ್ ಇವರ ಕೈಗೇ ಕೊಟ್ಟರು. ಗುರುಗಳು ಎಂಥವರು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಆವತ್ತು.

ಹಾಗಾಗಿ ಗುಣ ಕೇಳಬೇಡಿ, ಕೆಲಸ ಕೇಳಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಹೊರಡುತ್ತಿದ್ದರು, ಯಾವ ಬಸ್ಸು, ಬುತ್ತಿ ಯಾರು ಕಟ್ಟುತ್ತಿದ್ದರು, ಎಲ್ಲಿ ಮಾತು ಬಿಟ್ಟರು, ಮತ್ತೆ ಹೇಗೆ ಮಾತಾಡಿದರು. ಕೈಗೆ ಒಂದು ಫೋಟೋ ಕೊಡಿ, ಕಾಗದ ಕೊಡಿ. ಕೇಳಿ ಸುಮ್ನೆ ಕೂತುಬಿಡಿ. ಅವರು ಯೋಚನೆ ಮಾಡುವಾಗ ನಾವು ಬಾಯಿ ಹಾಕಿದರೆ ಬರುತ್ತಿದ್ದ ನೆನಪು ಹೊರಟುಹೋಗುತ್ತದೆ. ಮತ್ತೆ, ಸಹೋದ್ಯೋಗಿ ಅಂದರೆ ಪ್ರೊಫೆಸರ್‌ಗಳು ಮಾತ್ರ ಅಲ್ಲ. ಲೈಬ್ರರಿಯವರು, ಟೈಪ್ ಮಾಡಿಕೊಟ್ಟವರು, ಜೀಪು ಓಡಿಸಿದವರು, ಇವರನ್ನೆಲ್ಲ ಕೇಳುವವರು ಯಾರೂ ಇರುವುದಿಲ್ಲ.

ಇಸವಿ ತಾಳೆಯಾಗದಿದ್ದರೆ ತಿದ್ದಬೇಡಿ. ಇಟಲಿಯ ತೆರ್ನಿ ಊರಿನಲ್ಲಿ 1949ರಲ್ಲಿ ಲುಯಿಜಿ ತ್ರಾಸ್ತುಲ್ಲಿ ಎಂಬ ಕಾರ್ಮಿಕ ಒಂದು ಪ್ರತಿಭಟನೆಯಲ್ಲಿ ಪೊಲೀಸರಿಂದ ಸತ್ತ. ಎಷ್ಟೋ ವರ್ಷದ ಮೇಲೆ ಅಲೆಸಾಂದ್ರೊ ಪೋರ್ತೆಲ್ಲಿ ಎಂಬ ವಿದ್ವಾಂಸ ಅಲ್ಲಿಯವರನ್ನು ಮಾತಾಡಿಸಿದರು. ಹಲವರು ಆ ಸಾವು ಆಗಿದ್ದು 1953ರಲ್ಲಿ, ಕಾರ್ಖಾನೆಯಿಂದ ಜನರನ್ನು ತೆಗೆದುಹಾಕಿದಾಗ ಅಂದರು. ಪೋರ್ತೆಲ್ಲಿ ಅದನ್ನು ಬರೀ ತಪ್ಪು ಅಂತ ಬಿಡಲಿಲ್ಲ. ಆ ಜನಕ್ಕೆ ದೊಡ್ಡ ಗಾಯ ಯಾವುದಾಗಿತ್ತು ಅಂತ ಆ ತಪ್ಪಿನಲ್ಲೇ ಕಂಡರು. ನೀವೂ ಇಬ್ಬರ ಮಾತನ್ನೂ ಹಾಗೇ ಇಡಿ. ಸರಿಯಾದ ಇಸವಿ ಸರ್ವಿಸ್ ರಿಜಿಸ್ಟರಿನಲ್ಲಿ ಸಿಕ್ಕರೆ ಕೆಳಗೆ ಟಿಪ್ಪಣಿ ಹಾಕಿ, ಅಷ್ಟೇ.

ಮೊಬೈಲ್ ರೆಕಾರ್ಡರ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ. ಆದರೆ ಮಳೆಗಾಲದಲ್ಲಿ ತಗಡಿನ ಶೀಟಿನ ಕೆಳಗೆ ಕೂರಬೇಡಿ, ಮಾತಿಗಿಂತ ಮಳೆಯೇ ಜಾಸ್ತಿ ಕೇಳುತ್ತದೆ. ಎಲೆಅಡಿಕೆಯ ಕವಳ ಹಾಕಿದ್ದರೆ ಅದು ಮುಗಿಯಲಿ. ಶುರುವಿನಲ್ಲೇ ಹೆಸರು, ಊರು, ತಾರೀಕು ಹೇಳಿಸಿ. ಬರೆದಿಳಿಸುವಾಗ ಅವರ ಮಾತನ್ನು ಪುಸ್ತಕದ ಭಾಷೆ ಮಾಡಬೇಡಿ, 'ಹೋಯ್ತಿದ್ರು' ಅಂದರೆ ಹಾಗೇ ಬರೆಯಿರಿ. ಒಂದು ಗಂಟೆಯ ಮಾತು ಬರೆಯಲು ಐದಾರು ಗಂಟೆ ಬೇಕು, ಹೆದರಬೇಡಿ. ಬರೆದದ್ದನ್ನು ಅವರಿಗೇ ತೋರಿಸಿ. ಈ ಜಗಳದ ಮಾತು ಈಗ ಬೇಡ ಅಂದರೆ ಅವರ ಮಾತು ನಡೆಸಿಕೊಡಿ.

ಇನ್ನೊಂದು. ಗುರುಗಳ ಬರಹಗಳನ್ನು ಸೈಕ್ಲೋಸ್ಟೈಲ್ ಮಾಡಿಕೊಡುತ್ತಿದ್ದ ಅಟೆಂಡರ್ ಒಬ್ಬರಿದ್ದರು. ಅವರಿಗೂ ತೋಟದ ಕೆಲಸ, ನನಗೂ ತೋಟದ ಕೆಲಸ. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ಹೋಗೋಣ ಅಂತ ಮುಂದೆ ಹಾಕಿದೆ. ಕೊಯ್ಲು ಮುಗಿಯುವ ಮೊದಲೇ ಅವರು ಹೋದರು. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ. ಕ್ವಾಂಟಮ್ ಭೌತವಿಜ್ಞಾನ ಕಟ್ಟಿದವರಲ್ಲಿ ಹಲವರನ್ನು ಮಾತಾಡಿಸುವ ಕೆಲಸವನ್ನು 1960ರ ದಶಕದಲ್ಲಿ ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ಮತ್ತು ಸಂಗಡಿಗರು ಮಾಡಿದರು. ಆ ವಿಜ್ಞಾನ ಕಟ್ಟಿದವರಲ್ಲಿ ಒಬ್ಬರಾದ ನೀಲ್ಸ್ ಬೋರ್ ಅವರನ್ನು ಅವರು ಕೊನೆಯ ಸಲ ಮಾತಾಡಿಸಿದ್ದು 1962ರ ನವೆಂಬರ್ 17ರಂದು. ಮಾರನೇ ದಿನ ಬೋರ್ ಇರಲಿಲ್ಲ.

ನಿಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರು? ಈ ಭಾನುವಾರವೇ ಅವರ ಮನೆಗೆ ಹೊರಡಿ. ಮೇಷ್ಟ್ರ ಪುಸ್ತಕ ಒಂದು ಚೀಲದಲ್ಲಿರಲಿ.