ಸಂಪಾದಕರ ಉತ್ತರ: ಕಡತದ ಮಾತು, ಊರಿನ ಮಾತು

ಮಾನ್ಯರೇ,

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಹ್ಯಾಟಿಸ್‌ಬರ್ಗ್ ಪಟ್ಟಣದ ಕಪ್ಪು ಜನರ ಮೌಖಿಕ ಇತಿಹಾಸವನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನಕ್ಕೆ ತಾವು ಎತ್ತಿರುವ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಮೂವತ್ತು ನಲವತ್ತು ವರ್ಷ ಕಳೆದ ಮೇಲೆ ವಯಸ್ಸಾದವರು ಹೇಳಿದ್ದನ್ನು ಇತಿಹಾಸವೆಂದು ಅಚ್ಚು ಹಾಕುವ ಮೊದಲು ನ್ಯಾಯಾಲಯದ ಕಡತಗಳನ್ನಾದರೂ ತಿರುವಿ ನೋಡಬೇಕಿತ್ತು ಎಂದಿದ್ದೀರಿ. ಹಾಗಾದರೆ ಕಡತದಿಂದಲೇ ಶುರು ಮಾಡೋಣ.

ಸೈನ್ಯದಲ್ಲಿ ಸೇವೆ ಸಲ್ಲಿಸಿ, ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಹ್ಯಾಟಿಸ್‌ಬರ್ಗ್‌ನ ಕಪ್ಪು ಯುವಕ ಕ್ಲೈಡ್ ಕೆನಾರ್ಡ್, ತಾಯಿಯ ಕೋಳಿ ಸಾಕಣೆಯನ್ನು ನೋಡಿಕೊಳ್ಳಲು 1955ರಲ್ಲಿ ಊರಿಗೆ ಮರಳಿದರು. ಓದು ಮುಗಿಸಬೇಕೆಂದು, ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ಅಲ್ಲಿನ ಮಿಸಿಸಿಪ್ಪಿ ಸದರ್ನ್ ಕಾಲೇಜಿಗೆ ಮತ್ತೆ ಮತ್ತೆ ಅರ್ಜಿ ಹಾಕಿದರು. 1960ರಲ್ಲಿ, 25 ಡಾಲರ್ ಬೆಲೆಯ ಐದು ಚೀಲ ಕೋಳಿ ಆಹಾರದ ಕಳವಿಗೆ ಕುಮ್ಮಕ್ಕು ಕೊಟ್ಟರೆಂಬ ಆರೋಪದ ಮೇಲೆ ಬಿಳಿಯರೇ ತುಂಬಿದ್ದ ಜ್ಯೂರಿ ಅವರನ್ನು ತಪ್ಪಿತಸ್ಥರೆಂದು ಹೇಳಿತು; 7 ವರ್ಷ ಸೆರೆವಾಸವಾಯಿತು. ಕದ್ದದ್ದು ತಾನೇ ಎಂದು ಒಪ್ಪಿಕೊಂಡ ಯುವಕನಿಗೆ ಮಾತ್ರ ಜೈಲಾಗಲಿಲ್ಲ. ಸೆರೆಯಲ್ಲಿದ್ದಾಗಲೇ ಕ್ಯಾನ್ಸರ್ ಉಲ್ಬಣಿಸಿ, ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, 1963ರ ಜುಲೈ 4ರಂದು ಕೆನಾರ್ಡ್ ತೀರಿಕೊಂಡರು. ಅವರಿಗೂ ಆ ಕಳವಿಗೂ ಸಂಬಂಧವೇ ಇರಲಿಲ್ಲವೆಂದು, ಅಂದು ಅವರ ವಿರುದ್ಧ ಸಾಕ್ಷಿ ಹೇಳಿದ್ದ ಅದೇ ಯುವಕ 2005ರಲ್ಲಿ ಒಪ್ಪಿಕೊಂಡ ಮೇಲೆ, 2006ರಲ್ಲಿ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸಿತು. ಅಲ್ಲಿಯವರೆಗೆ, ಅಂದರೆ ಸುಮಾರು 46 ವರ್ಷ, ಕಡತ ಅವರನ್ನು ಅಪರಾಧಿ ಎನ್ನುತ್ತಲೇ ಇತ್ತು. ಇದು ನ್ಯಾಯದ ಅಣಕವೆಂದು ತೀರ್ಪಿನ ವರ್ಷದಲ್ಲೇ ಹೇಳಿದ, ಕಪ್ಪು ಜನರ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಮೇಲೆ ನ್ಯಾಯಾಂಗ ನಿಂದನೆಯ ಮೊಕದ್ದಮೆ ಬಿತ್ತು. ತಾವು ನೋಡಬೇಕಿತ್ತೆಂದ ಕಡತ ಇಂಥದ್ದು.

ಮತದಾರರ ನೋಂದಣಿಯ ವಿಷಯವೂ ಹೀಗೆಯೇ. ರಾಜ್ಯ ಸಂವಿಧಾನದ ಒಂದು ವಿಧಿಯನ್ನು ಬರೆದು, ಅದರ ಅರ್ಥವನ್ನು ವಿವರಿಸಬೇಕಿತ್ತು. ಯಾವ ವಿಧಿ ಎಂಬುದನ್ನೂ, ವಿವರಣೆ ಸರಿಯೇ ಎಂಬುದನ್ನೂ ಕೌಂಟರಿನ ಆಚೆ ಕೂತ ಗುಮಾಸ್ತ ಥೆರಾನ್ ಲಿಂಡ್ ಒಬ್ಬರೇ ತೀರ್ಮಾನಿಸುತ್ತಿದ್ದರು. ಪುಸ್ತಕದಲ್ಲಿ ಉಳಿಯುವುದು 'ನಪಾಸು' ಎಂಬ ಫಲಿತಾಂಶ ಮಾತ್ರ. ಪಾಠ ಹೇಳಿಕೊಡುವ ಕಪ್ಪು ಶಿಕ್ಷಕಿ ಆ ಕೌಂಟರಿನ ಮುಂದೆ ನಪಾಸಾಗಿ ಮನೆಗೆ ಹೋಗುವುದೆಂದರೇನು, 1964ರ ಜನವರಿ 22ರ ಮಳೆಯಲ್ಲಿ ಮತದ ಹಕ್ಕಿಗಾಗಿ ನ್ಯಾಯಾಲಯದ ಮುಂದೆ ಸಾಲುಗಟ್ಟಿ ನಿಲ್ಲುವುದೆಂದರೇನು ಎಂಬುದನ್ನು ನಿಂತವರೇ ಹೇಳಬೇಕು.

ಬಹಳ ವರ್ಷಗಳ ನಂತರದ ನೆನಪು ನಂಬಲರ್ಹವಲ್ಲ ಎಂಬ ಮಾತಿಗೆ ಅಲ್ಲಿನ ಕಪ್ಪು ವ್ಯಾಪಾರಿ ವರ್ನನ್ ಡೇಮರ್ ಪ್ರಕರಣವನ್ನು ನೋಡಬಹುದು. ಮತ ಹಾಕಬೇಕಾದರೆ ತಲೆಗಂದಾಯ ಕಟ್ಟಬೇಕಿದ್ದ ಕಾಲವದು. ಅದನ್ನು ತಮ್ಮ ಅಂಗಡಿಯಲ್ಲೇ ಕಟ್ಟಬಹುದು, ಕೈಯಲ್ಲಿಲ್ಲದವರ ಪಾಲನ್ನು ತಾವೇ ಕಟ್ಟುವುದಾಗಿ ಡೇಮರ್ ರೇಡಿಯೋದಲ್ಲಿ ಹೇಳಿಸಿದರು. ಅದೇ ರಾತ್ರಿ, ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿಯುತ್ತಿದ್ದ ಗುಪ್ತ ಸಂಘಟನೆ ಕೂ ಕ್ಲಕ್ಸ್ ಕ್ಲಾನ್‌ನವರು ಪೆಟ್ರೋಲ್ ಎಸೆದು ಅವರ ಮನೆಗೆ ಬೆಂಕಿ ಇಟ್ಟರು. ಹೆಂಡತಿ ಮಕ್ಕಳು ಹಿಂದಿನಿಂದ ಪಾರಾಗಲೆಂದು ಅವರು ಮುಂಬದಿಯಲ್ಲಿ ನಿಂತು ಗುಂಡು ಹಾರಿಸುತ್ತಿದ್ದರು. ಬೆಂಕಿಗೆ ಶ್ವಾಸಕೋಶ ಸುಟ್ಟು, ಮರುದಿನ, 1966ರ ಜನವರಿ 10ರಂದು ಸತ್ತರು. ಆಜ್ಞೆ ಕೊಟ್ಟ ಕ್ಲಾನ್ ನಾಯಕ ಸ್ಯಾಮ್ ಬೋವರ್ಸ್‌ಗೆ ಶಿಕ್ಷೆಯಾದದ್ದು 1998ರಲ್ಲಿ. ಆಗ ನ್ಯಾಯಾಲಯ ಕೇಳಿಸಿಕೊಂಡದ್ದು 32 ವರ್ಷ ಹಳೆಯ ನೆನಪುಗಳನ್ನೇ. ಕಟಕಟೆಗೆ ಬಂದವರಲ್ಲಿ ವಿಧವೆ ಎಲ್ಲೀ ಡೇಮರ್ ಇದ್ದರು, ಕ್ಲಾನ್‌ನ ಮಾಜಿ ಸದಸ್ಯನೊಬ್ಬನೂ ಇದ್ದ.

ತೇದಿ, ಗಂಟೆ, ಮೊತ್ತಗಳ ವಿಷಯದಲ್ಲಿ ನೆನಪು ಎಡವುತ್ತದೆ ಎಂಬ ತಮ್ಮ ಮಾತನ್ನು ಒಪ್ಪುತ್ತೇನೆ; ಅಲ್ಲಿ ಕಾಗದವೇ ಮೇಲು. ಅಷ್ಟೇಕೆ, ಕೆನಾರ್ಡ್ ವಿರುದ್ಧ ಸರ್ಕಾರವೇ ನಡೆಸಿದ ಗೂಢಚರ್ಯೆಯ ಕಾಗದಗಳು 1998ರಲ್ಲಿ ಹೊರಬಿದ್ದಾಗ, ಅವರನ್ನು ಬೇಕೆಂದೇ ಸಿಕ್ಕಿಸಿದರೆಂಬ ಊರಿನ ಮಾತಿಗೆ ಅವು ಬೆಂಬಲವಾಗಿಯೇ ನಿಂತವು. ಇನ್ನೊಂದು ಸಂಗತಿ ನಮ್ಮ ಲೇಖನದಲ್ಲಿ ಬಿಟ್ಟುಹೋಗಿತ್ತು: 1971ರಿಂದ ಈ ಸಂದರ್ಶನಗಳನ್ನು ಧ್ವನಿಮುದ್ರಿಸಿ ಕಾಪಾಡುತ್ತಿರುವುದು ಸದರ್ನ್ ಮಿಸಿಸಿಪ್ಪಿ ವಿಶ್ವವಿದ್ಯಾಲಯ, ಅಂದರೆ ಕೆನಾರ್ಡ್‌ಗೆ ಬಾಗಿಲು ಹಾಕಿದ ಅದೇ ಕಾಲೇಜು. ಈಗ ಅಲ್ಲಿನ ಕಟ್ಟಡವೊಂದಕ್ಕೆ ಅವರ ಹೆಸರಿದೆ.

ಆದರೆ ಯಾವ ಮಾತನ್ನು ಯಾವ ವರ್ಷ, ಯಾರು ಕೇಳಿದಾಗ ಹೇಳಿದ್ದು ಎಂಬುದನ್ನು ಲೇಖನದಲ್ಲಿ ಕೊಡದಿದ್ದದ್ದು ನಮ್ಮ ತಪ್ಪು. ಬಿಳಿಯ ಅಪರಿಚಿತನ ಎದುರು ಆಡಿದ ಮಾತಿಗೂ ಸ್ವಂತ ಮೊಮ್ಮಗಳ ಎದುರು ಆಡಿದ ಮಾತಿಗೂ ವ್ಯತ್ಯಾಸ ಇದ್ದೇ ಇರುತ್ತದೆ. ಅದನ್ನು ಅಳೆಯುವ ಅವಕಾಶ ಓದುಗರಿಗೆ ಇರಬೇಕಿತ್ತು. ಆ ವಿವರಗಳನ್ನು ಮುಂದಿನ ಸಂಚಿಕೆಯ ತಿದ್ದುಪಡಿ ಅಂಕಣದಲ್ಲಿ ಪ್ರಕಟಿಸುತ್ತೇವೆ.

– ಸಂ.